ಪೂಜೆ ಇಲ್ಲದ ದೇವರಿಗೆ ಭಕ್ತರು

‘ತುಂಬಾಡ್’ ಎಂಬ ಹಿಂದಿ ಚಿತ್ರ ತೆರೆಕಂಡದ್ದು 2018ರ ಅಕ್ಟೋಬರ್ 12ರಂದು. ಅದಕ್ಕೆ ಮುಂಚೆ ವೆನಿಸ್ ಚಿತ್ರೋತ್ಸವದ ವಿಮರ್ಶಕರ ಸಪ್ತಾಹ ಈ ಚಿತ್ರದಿಂದಲೇ ಶುರುವಾಗಿತ್ತು. ಭಾರತದ ಚಿತ್ರವೊಂದಕ್ಕೆ ಆ ಮರ್ಯಾದೆ ಸಿಕ್ಕಿದ್ದು ಅದೇ ಮೊದಲು. ಪತ್ರಿಕೆಗಳು ಹೊಗಳಿದವು. ಗಲ್ಲಾಪೆಟ್ಟಿಗೆಗೆ ಬಿದ್ದದ್ದು ಮಾತ್ರ ಒಟ್ಟು ಸುಮಾರು 13 ಕೋಟಿ ರೂಪಾಯಿ. ಚಿತ್ರ ಸದ್ದಿಲ್ಲದೆ ಚಿತ್ರಮಂದಿರಗಳಿಂದ ಇಳಿದು ಅಮೆಜಾನ್ ಪ್ರೈಮ್ ಸೇರಿತು. 2024ರ ಸೆಪ್ಟೆಂಬರ್ 13ರಂದು ಅದನ್ನೇ ಮತ್ತೆ ಚಿತ್ರಮಂದಿರಕ್ಕೆ ತಂದಾಗ ಗಳಿಕೆ 30 ಕೋಟಿ ದಾಟಿತು. ಮನೆಯಲ್ಲಿ ಕೂತು ಎರಡು ಮೂರು ಸಲ ನೋಡಿ ಮುಗಿಸಿದ್ದ ಚಿತ್ರಕ್ಕೆ ಜನ ದುಡ್ಡು ಕೊಟ್ಟು ಹೋದರು. ನೋಡದ ಗೆಳೆಯರನ್ನೂ ಎಳೆದುಕೊಂಡು ಹೋದರು.

ಈ ಮರುಹುಟ್ಟಿಗೆ ಅಭಿಮಾನಿಗಳು ಕೊಡುವ ವಿವರಣೆ ಸರಳವಾಗಿದೆ. ಆಗಿನ ಪ್ರೇಕ್ಷಕನಿಗೆ ಯೋಗ್ಯತೆ ಇರಲಿಲ್ಲ, ನಟರ ಹೆಸರು ನೋಡಿ ಟಿಕೆಟ್ ಕೊಳ್ಳುತ್ತಿದ್ದ, ನಾವು ಕೆಲವರು ಮಾತ್ರ ಮೊದಲೇ ಗುರುತಿಸಿದೆವು, ಕಾಲ ಕೊನೆಗೆ ನಮ್ಮ ಕಡೆ ತೀರ್ಪು ಕೊಟ್ಟಿತು. ಕೇಳಲು ಹಿತವಾದ ಮಾತು. ಹೇಳುವವರಿಗೆ ಇನ್ನೂ ಹಿತ. ಆದರೆ ಆ ಅಕ್ಟೋಬರಿನ ಲೆಕ್ಕ ತೆಗೆದು ನೋಡಿದರೆ ಇದು ನಿಲ್ಲುವುದಿಲ್ಲ.

‘ತುಂಬಾಡ್’ಗಿಂತ ಸರಿಯಾಗಿ ಒಂದು ವಾರ ಮುಂಚೆ ಶ್ರೀರಾಮ್ ರಾಘವನ್ ಅವರ ‘ಅಂಧಾಧುನ್’ ಬಿಡುಗಡೆಯಾಗಿತ್ತು. ಅದೇನೂ ಅಬ್ಬರದಿಂದ ಶುರುವಾದ ಚಿತ್ರವಲ್ಲ. ನೋಡಿದವರು ನೋಡದವರಿಗೆ ಹೇಳಿ, ಬಾಯಿಂದ ಬಾಯಿಗೆ ಬೆಳೆದ ಚಿತ್ರ ಅದು. ‘ತುಂಬಾಡ್’ ಬಂದು ಒಂದು ವಾರ ಆಗುವುದರೊಳಗೆ ‘ಬಧಾಯಿ ಹೋ’ ಬಂತು, ಅದೂ ಗೆದ್ದಿತು. ಅದೇ ವರ್ಷದ ಆಗಸ್ಟ್ ಕೊನೆಗೆ ಬಂದ ‘ಸ್ತ್ರೀ’ ದೆವ್ವದ ಕಥೆಯಿಟ್ಟುಕೊಂಡೇ ದೊಡ್ಡ ಹಣ ಮಾಡಿತ್ತು. ಅಂದರೆ 2018ರ ಪ್ರೇಕ್ಷಕ ಹೊಸತನಕ್ಕೆ ಕುರುಡನಾಗಿರಲಿಲ್ಲ, ಭಯದ ಕಥೆಗೆ ಬೆನ್ನು ತಿರುಗಿಸಿದವನೂ ಅಲ್ಲ. ಮಾತು ಹರಡಲು ಹದಿನೈದು ದಿನವಾದರೂ ಬೇಕು. ‘ತುಂಬಾಡ್’ಗೆ ಸಿಕ್ಕಿದ್ದು ಹಿಂದೆ ಮುಂದೆ ಎರಡು ಗೆದ್ದ ಚಿತ್ರಗಳ ನಡುವಿನ ಇಕ್ಕಟ್ಟಿನ ಜಾಗ. ಮಾತು ಕಿವಿಗೆ ಬೀಳುವ ಹೊತ್ತಿಗೆ ಪರದೆಗಳು ಕೈತಪ್ಪಿದ್ದವು. 2024ರ ಗೆಲುವಿನಲ್ಲೂ ಮಾರುಕಟ್ಟೆಯ ಪಾಲಿದೆ: ಆ ವರ್ಷ ಹೊಸ ಚಿತ್ರಗಳ ಬರದಿಂದ ಮಲ್ಟಿಪ್ಲೆಕ್ಸ್‌ಗಳು ಹಳೆಯದನ್ನು ಹುಡುಕಿ ತಂದು ಹಾಕುತ್ತಿದ್ದವು, ‘ಸ್ತ್ರೀ 2’ ಆಗಷ್ಟೇ ದೆವ್ವದ ಕಥೆಗಳ ಹಸಿವನ್ನು ಕೆರಳಿಸಿತ್ತು. ಯೋಗ್ಯತೆಯೊಂದೇ ಸಾಕಾಗಿದ್ದರೆ ಮೊದಲ ಸಲವೇ ಸಾಕಾಗಬೇಕಿತ್ತು.

ಹಾಗಂತ ಎಲ್ಲವನ್ನೂ ಪರದೆಗಳ ಲೆಕ್ಕಕ್ಕೆ ಇಳಿಸಿಬಿಡುವುದೂ ಸರಿಯಲ್ಲ. ಆ ಆರು ವರ್ಷಗಳಲ್ಲಿ ನೂರಾರು ಚಿತ್ರಗಳು ಬಂದು ಸೋತು ಅದೇ ಪ್ರೈಮ್‌ನಲ್ಲಿ ಬಿದ್ದಿವೆ. ಅವುಗಳಲ್ಲಿ ಬಹುಪಾಲನ್ನು ಮತ್ತೆ ಚಿತ್ರಮಂದಿರಕ್ಕೆ ತನ್ನಿ ಎಂದು ಯಾರೂ ಕೇಳಿಲ್ಲ. ಇದಕ್ಕೆ ಯಾಕೆ ಇಷ್ಟು ಭಕ್ತರು ಹುಟ್ಟಿಕೊಂಡರು?

ಒಂದು ಕಾರಣ ಚಿತ್ರ ತಯಾರಾದ ರೀತಿಯಲ್ಲೇ ಇದೆ. ನಿರ್ದೇಶಕ ರಾಹಿ ಅನಿಲ್ ಬರ್ವೆ ಇದರ ಮೊದಲ ಕರಡನ್ನು ಬರೆದದ್ದು ಹದಿಹರೆಯದಲ್ಲಿ, 1997ರಲ್ಲಿ. ಮರಾಠಿಯ ಭಯಾನಕ ಕಥೆಗಳ ಲೇಖಕ ನಾರಾಯಣ ಧಾರಪ್ ಅವರ ಕಥೆಯೊಂದನ್ನು ಗೆಳೆಯನ ಬಾಯಲ್ಲಿ ಕೇಳಿ ಹೆದರಿದ್ದು ಅದಕ್ಕೂ ಮುಂಚೆ. ಚಿತ್ರೀಕರಣ ಶುರುವಾದದ್ದು 2012ರಲ್ಲಿ. ತೆಗೆದದ್ದು ತೃಪ್ತಿಯಾಗದೆ ಮತ್ತೆ ತೆಗೆದು, ಮುಗಿದದ್ದು 2015ರಲ್ಲಿ. ಬರ್ವೆಗೆ ಇದು ಮೊದಲ ಚಿತ್ರ. ಬರವಣಿಗೆಯಲ್ಲಿ ಆನಂದ್ ಗಾಂಧಿ, ಆದೇಶ್ ಪ್ರಸಾದ್ ಜೊತೆಯಾದರು. ನಾಯಕ ವಿನಾಯಕನ ಪಾತ್ರ ಮಾಡಿದ ಸೋಹಮ್ ಶಾ ಅವರೇ ನಿರ್ಮಾಪಕರಲ್ಲೊಬ್ಬರಾಗಿ ಹಣದ ಹೊರೆ ಹೊತ್ತರು. ಪಂಕಜ್ ಕುಮಾರ್ ಕ್ಯಾಮೆರಾ ಹಿಡಿದು ಕೊಂಕಣದ ಮಳೆಯನ್ನು ಸೆರೆಹಿಡಿದರು. ಚಿತ್ರದ ತುಂಬಾಡ್ ಊರಿನಲ್ಲಿ ಬಿಸಿಲೆಂಬುದು ಹುಡುಕಿದರೂ ಸಿಗದು. ಕರಾವಳಿಯಲ್ಲೋ ಮಲೆನಾಡಿನಲ್ಲೋ ಬೆಳೆದವರಿಗೆ ಆ ಮಳೆ ಗೊತ್ತು: ಹೆಂಚಿನಿಂದ ಧಾರೆಗಟ್ಟಿ ಇಳಿದು, ಗೋಡೆಗೆ ಪಾಚಿ ಹಿಡಿಸಿ, ಒಣಹಾಕಿದ ಬಟ್ಟೆಯಲ್ಲಿ ಮುಗ್ಗಲು ವಾಸನೆ ಉಳಿಸಿ ಹೋಗುವ ಮಳೆ. ಸಿನಿಮಾಗಳಲ್ಲಿ ಪ್ರೇಮಿಗಳ ತಲೆಯ ಮೇಲೆ ಸುರಿಯುವ ಟ್ಯಾಂಕರ್ ನೀರು ಅದಲ್ಲ. ಆ ವರ್ಷದ ಫಿಲ್ಮ್‌ಫೇರ್‌ನಲ್ಲಿ ಛಾಯಾಗ್ರಹಣ, ಕಲಾ ನಿರ್ದೇಶನ, ಶಬ್ದ ವಿನ್ಯಾಸ ಈ ಮೂರಕ್ಕೆ ಬಹುಮಾನ ಬಂತು. ಹಳೆಯ ಮನೆಯ ಕಂಬವನ್ನು ನೋಡಿದರೆ ಬಡಗಿಯ ಕೈ ಕಾಣುವಂತೆ ಈ ಚಿತ್ರದಲ್ಲಿ ಪಟ್ಟ ಶ್ರಮ ಕಾಣುತ್ತದೆ. ಅಭಿಮಾನಕ್ಕೆ ಇದು ಗಟ್ಟಿ ನೆಲ.

ಎರಡನೆಯ ಕಾರಣ ಅದರ ಪುರಾಣ. ಸಮೃದ್ಧಿಯ ದೇವತೆ, ಅವಳ ಗರ್ಭವೇ ಭೂಮಿ. ಅವಳ ಚೊಚ್ಚಲ ಮಗ ಹಸ್ತರ್. ತಾಯಿಯ ಬಳಿ ಚಿನ್ನ ಮತ್ತು ಧಾನ್ಯ ಎರಡೂ ಇವೆ. ಹಸ್ತರ್ ಚಿನ್ನವನ್ನೆಲ್ಲ ಬಾಚಿಕೊಂಡು ಧಾನ್ಯಕ್ಕೂ ಕೈಹಾಕಿದಾಗ ಉಳಿದ ದೇವತೆಗಳು ಅವನ ಮೇಲೆ ಬೀಳುತ್ತಾರೆ. ತಾಯಿ ಅಡ್ಡ ಬಂದು ಮಗನನ್ನು ಗರ್ಭದಲ್ಲಿ ಅಡಗಿಸಿಕೊಳ್ಳುತ್ತಾಳೆ. ಅದಕ್ಕೊಂದು ಷರತ್ತು: ಇನ್ನು ಮುಂದೆ ಯಾರೂ ಅವನ ಹೆಸರೆತ್ತುವಂತಿಲ್ಲ, ಪೂಜಿಸುವಂತಿಲ್ಲ. ವಿನಾಯಕನ ಪೂರ್ವಜರು ದುರಾಸೆಗೆ ಬಿದ್ದು ಗುಡಿ ಕಟ್ಟುತ್ತಾರೆ. ತುಂಬಾಡ್ ಊರಿನ ಮೇಲೆ ಬಿಡದೆ ಸುರಿಯುವ ಮಳೆ ಆ ತಪ್ಪಿಗೆ ದೇವತೆಗಳು ಕೊಟ್ಟ ಶಾಪ.

ಇದು ಯಾವ ಪುರಾಣದಲ್ಲೂ ಇಲ್ಲ. ಪೂರ್ತಿ ಕಟ್ಟುಕಥೆ. ಊರು ಮಾತ್ರ ನಿಜ. ಅದೇ ಊರನ್ನಿಟ್ಟುಕೊಂಡು ಮರಾಠಿಯಲ್ಲಿ ಶ್ರೀ.ನಾ. ಪೆಂಡಸೆಯವರ ‘ತುಂಬಾಡಚೆ ಖೋತ್’ ಎಂಬ ದೊಡ್ಡ ಕಾದಂಬರಿಯಿದೆ, ಚಿತ್ರ ಅಲ್ಲಿಂದ ಪಡೆದದ್ದು ಹೆಸರನ್ನಷ್ಟೆ. ಹೀಗಿದ್ದರೂ ಹಸ್ತರ್ ನಿಜವಾಗಿ ಯಾವ ಪುರಾಣದವನು ಎಂದು ಕೇಳುವವರು ಇವತ್ತಿಗೂ ಸಿಗುತ್ತಾರೆ. ಒಬ್ಬ ಲೇಖಕನಿಗೆ ಇದಕ್ಕಿಂತ ದೊಡ್ಡ ಪ್ರಶಸ್ತಿ ಇನ್ನೇನಿದೆ? ನಮ್ಮಲ್ಲಿ ಅದ್ಭುತ ಕಥೆಯ ಚಿತ್ರಗಳು ಸಾಮಾನ್ಯವಾಗಿ ರಾಮಾಯಣ, ಭಾರತ ಅಥವಾ ನಾಗಿಣಿಯ ಕಥೆಗಳ ಮೇಲೆ ಒರಗಿ ನಿಲ್ಲುತ್ತವೆ. ಕನ್ನಡದ ಜನಪದ ಕಥೆಯೊಂದನ್ನು ತೆಗೆದುಕೊಂಡು ಗಿರೀಶ ಕಾರ್ನಾಡರು 1992ರಲ್ಲಿ ಹಿಂದಿಯಲ್ಲಿ ‘ಚೆಲುವಿ’ ಮಾಡಿದರು: ಹೂಮರವಾಗಬಲ್ಲ ಹುಡುಗಿ, ಅವಳ ಕೊಂಬೆ ಮುರಿಯುವ ಜನರ ಆಸೆ. ಅದಕ್ಕೆ ಬೆನ್ನಿಗೆ ಜನಪದ ಇತ್ತು. ‘ತುಂಬಾಡ್’ನಲ್ಲಿ ಮುದುಕಿಯೊಬ್ಬಳ ಎದೆಯಿಂದ ಮರ ಬೆಳೆದು ನಿಂತಿರುವುದನ್ನು ನೋಡಿದಾಗ ನನಗೆ ಚೆಲುವಿ ನೆನಪಾದಳು. ಎರಡೂ ಕಡೆ ಹೆಣ್ಣಿನ ಮೈಯೇ ಮರ, ಎರಡೂ ಕಡೆ ಅದಕ್ಕೆ ಕಾರಣ ಆಸೆ. ಆದರೆ ಬರ್ವೆಯ ಬೆನ್ನಿಗೆ ಯಾವ ಅಜ್ಜಿಕಥೆಯ ಆಸರೆಯೂ ಇರಲಿಲ್ಲ. ಅಜ್ಜಿಯನ್ನೂ ಅವರೇ ಸೃಷ್ಟಿಸಿಕೊಳ್ಳಬೇಕಾಯಿತು.

ಕಟ್ಟುಕಥೆ ಇಷ್ಟು ಬೇಗ ನಂಬಿಕೆಯಾಗಲು ನೆಲವೂ ಹದವಾಗಿತ್ತು ಅನ್ನಿ. ಹೂತಿಟ್ಟ ನಿಧಿ, ಅದನ್ನು ಕಾಯುವ ಸರ್ಪ ಅಥವಾ ಭೂತ, ಎತ್ತಬೇಕಾದರೆ ಕೊಡಬೇಕಾದ ಬಲಿ, ಇವೆಲ್ಲ ನಮ್ಮ ಹಳ್ಳಿಗಳಲ್ಲಿ ಬರೀ ಕಥೆಗಳಲ್ಲ, ಇನ್ನೂ ನಡೆಯುವ ಸಂಗತಿಗಳು. ಚಿತ್ರ ಬಂದು ವರ್ಷ ತುಂಬುವ ಮುಂಚೆ, 2019ರ ಜುಲೈನಲ್ಲಿ, ಆನೆಗೊಂದಿ ಬಳಿಯ ನವವೃಂದಾವನದಲ್ಲಿ ವ್ಯಾಸರಾಜರ ವೃಂದಾವನವನ್ನು ನಿಧಿಗಳ್ಳರು ರಾತ್ರೋರಾತ್ರಿ ಒಡೆದುಹಾಕಿದರು. ಕೃಷ್ಣದೇವರಾಯನ ಕಾಲದ ಯತಿಯ ಸಮಾಧಿಯ ಕೆಳಗೆ ಚಿನ್ನ ಇದ್ದೀತೆಂಬ ಆಸೆ. ಭಕ್ತರು ಸೇರಿ ಬೇಗನೆ ಮರುನಿರ್ಮಿಸಿದರು, ಪೊಲೀಸರು ಕೆಲವರನ್ನು ಬಂಧಿಸಿದರು. ಸುದ್ದಿ ಓದಿದಾಗ ಅದರಲ್ಲಿ ವಿನಾಯಕನ ಮುಖ ಕಂಡಿದ್ದರೆ ಅದು ನಿಮ್ಮ ಕಲ್ಪನೆಯ ಅತಿರೇಕವೇನಲ್ಲ.

ಇನ್ನು ಹಸ್ತರ್ ಅಡಗಿರುವ ಗರ್ಭದ ದೃಶ್ಯ. ಅಭಿಮಾನಿಗಳು ಮತ್ತೆ ಮತ್ತೆ ಮರಳುವುದು ಅಲ್ಲಿಗೇ, ಆದ್ದರಿಂದ ಸ್ವಲ್ಪ ನಿಂತು ನೋಡೋಣ. ವಿನಾಯಕ ತುಂಬಾಡ್ ಊರಿನ ವಾಡೆಯೊಳಗಿನ, ಅಂದರೆ ಹಳೆಯ ದೊಡ್ಡ ಮನೆಯೊಳಗಿನ, ಬಾವಿಗೆ ಹಗ್ಗ ಹಿಡಿದು ಇಳಿಯುತ್ತಾನೆ. ತಳದಲ್ಲಿ ಕೆಂಪಗೆ, ಹಸಿಯಾಗಿ, ಉಸಿರಾಡುವಂಥ ಗೋಡೆಗಳು. ಲಾಂದ್ರ ಇಟ್ಟು ತನ್ನ ಸುತ್ತ ಹಿಟ್ಟಿನಿಂದ ವೃತ್ತ ಎಳೆಯುತ್ತಾನೆ. ಹಿಟ್ಟಿನಲ್ಲೇ ಮಾಡಿದ ಗೊಂಬೆಯೊಂದನ್ನು ತೆಗೆದಿಡುತ್ತಾನೆ. ಚಿನ್ನ ಸಿಕ್ಕಿಯೂ ಧಾನ್ಯ ಸಿಗದ ಹಸ್ತರ್ ಯುಗಗಳಿಂದ ಹಸಿದಿದ್ದಾನೆ, ಗೊಂಬೆಗೆ ಎರಗುತ್ತಾನೆ. ಅವನು ತಿನ್ನುವಷ್ಟು ಹೊತ್ತಿನಲ್ಲಿ ಅವನ ಲಂಗೋಟಿ ಹಿಡಿದು ಜಗ್ಗಬೇಕು, ಉದುರಿದ ನಾಣ್ಯ ಬಾಚಿಕೊಂಡು ಹಗ್ಗ ಹತ್ತಬೇಕು. ಅವನು ಮುಟ್ಟಿದರೆ ಸತ್ತೆವು ಎನ್ನುವಂತಿಲ್ಲ. ಸಾಯದೆ ಕೊಳೆಯುತ್ತ ಬದುಕಬೇಕು. ಇಷ್ಟೇ. ಯಾವ ಮಂತ್ರವಿಲ್ಲ, ತ್ರಿಶೂಲವಿಲ್ಲ. ಅಡುಗೆಮನೆಯ ಹಿಟ್ಟು, ಹಗ್ಗ, ಹಸಿವು. ನಾಲ್ಕು ನಿಯಮಗಳನ್ನು ಹೇಳಿ, ಅವುಗಳಿಗೆ ಕೊನೆಯವರೆಗೂ ನಿಷ್ಠವಾಗಿರುವ ಅದ್ಭುತ ಕಥೆ ನಮ್ಮ ಸಿನಿಮಾದಲ್ಲಿ ಅಪರೂಪ. ಕಥೆಗಾರ ಇಕ್ಕಟ್ಟಿಗೆ ಸಿಕ್ಕಾಗಲೆಲ್ಲ ಹೊಸ ವರ ಕೊಡಿಸಿ ಪಾರಾಗುವುದನ್ನು ನೋಡಿ ನೋಡಿ ಸುಸ್ತಾದ ಪ್ರೇಕ್ಷಕ ಈ ಪ್ರಾಮಾಣಿಕತೆಗೆ ಮನಸೋತಿದ್ದರಲ್ಲಿ ಆಶ್ಚರ್ಯವೇನು?

ಕನ್ನಡಿಗರಿಗೆ ಮರುಬಿಡುಗಡೆ ಹೊಸದಲ್ಲ. 1995ರ ‘ಓಂ’ ಐನೂರಕ್ಕೂ ಹೆಚ್ಚು ಸಲ ಮತ್ತೆ ತೆರೆಕಂಡಿದೆ ಎನ್ನುತ್ತಾರೆ; ಹಂಚಿಕೆದಾರರಿಗೆ ದುಡ್ಡಿನ ಮುಗ್ಗಟ್ಟು ಬಂದಾಗಲೆಲ್ಲ ಡಬ್ಬ ಹೊರಗೆ ಬರುತ್ತಿತ್ತು. 2024ರಲ್ಲೇ ಉಪೇಂದ್ರರ ‘ಎ’ ಮತ್ತು ‘ಉಪೇಂದ್ರ’, ಪುನೀತ್ ಅವರ ‘ಜಾಕಿ’ ಮರಳಿ ಬಂದವು. ಅಲ್ಲಿ ಪಟಾಕಿ, ಹಾಲಿನ ಅಭಿಷೇಕ, ಪರದೆಯ ಮುಂದೆ ಕುಣಿತ. ಆ ಅಭಿಮಾನದ ತುದಿಯಲ್ಲಿ ಒಬ್ಬ ಮನುಷ್ಯ ನಿಂತಿರುತ್ತಾನೆ. ರಾಜ್‌ಕುಮಾರ್ ಅಭಿಮಾನಿಗಳನ್ನೇ ದೇವರೆಂದು ಕರೆದು ಆ ಸಂಬಂಧವನ್ನು ತಲೆಕೆಳಗು ಮಾಡಿದರು, ಆದರೂ ಅದು ಇಬ್ಬರ ನಡುವಿನ ಸಂಬಂಧವಾಗಿಯೇ ಉಳಿಯಿತು. ‘ತುಂಬಾಡ್’ನ ಅಭಿಮಾನಿಗೆ ಕಟೌಟ್ ನಿಲ್ಲಿಸಲು ಯಾರೂ ಇಲ್ಲ. ಸೋಹಮ್ ಶಾ ಅವರ ಬೇರೆ ಯಾವ ಚಿತ್ರ ನೋಡಿದ್ದೀರಿ ಎಂದರೆ ಬಹುಪಾಲು ಭಕ್ತರು ತಡವರಿಸುತ್ತಾರೆ. ಮುದುಕಿಯ ವೇಷದಲ್ಲಿದ್ದದ್ದು ಮೊಹಮ್ಮದ್ ಸಮದ್ ಎಂಬ ಹುಡುಗ, ವಿನಾಯಕನ ಮಗ ಪಾಂಡುರಂಗನ ಪಾತ್ರವೂ ಅವನದೇ ಎಂದು ತಿಳಿದವರು ಇನ್ನೂ ಕಡಿಮೆ. ನಟನನ್ನು ಬಿಟ್ಟು ಕೃತಿಗೆ ಒಲಿದ ಅಭಿಮಾನ ಇದು. ಭಾರತದ ಸಿನಿಮಾ ಸಂಸ್ಕೃತಿಯಲ್ಲಿ ಇದಕ್ಕೆ ಬೆಲೆ ಕಟ್ಟಬೇಕು. ನನ್ನ ಜಗಳವೆಲ್ಲ ಇದರ ನಂತರದ್ದು.

ಯಾಕೆಂದರೆ ಕೃತಿಗೆ ಒಲಿದವರು ಯಾವ ಕೃತಿಗೆ ಒಲಿದರು ಎಂದೂ ಕೇಳಬೇಕಾಗುತ್ತದೆ. ಮರುಬಿಡುಗಡೆಯ ಸಮಯದಲ್ಲಿ ಬೆಂಗಳೂರಿನ ಒಂದು ಮಾಲ್‌ನಲ್ಲಿ ಚಿತ್ರ ನೋಡುತ್ತಿದ್ದಾಗ ಗರ್ಭದ ದೃಶ್ಯ ಹತ್ತಿರವಾದಂತೆ ನನ್ನ ಮುಂದಿನ ಸಾಲುಗಳಲ್ಲಿ ಮೊಬೈಲುಗಳು ಒಂದೊಂದಾಗಿ ಮೇಲೆದ್ದವು. ಹಸ್ತರ್ ಗೋಡೆಯಿಂದ ಇಳಿದಾಗ ಶಿಳ್ಳೆ ಬಿತ್ತು. ಯಕ್ಷಗಾನದಲ್ಲಿ ಬಣ್ಣದ ವೇಷ ಬರುವವರೆಗೆ ತೂಕಡಿಸಿ, ಅದು ಅಬ್ಬರಿಸಿ ಹೋದ ಮೇಲೆ ಮತ್ತೆ ಕಣ್ಣುಮುಚ್ಚುವವರಿದ್ದಾರೆ; ಅವರ ಆನಂದವನ್ನು ನಾನು ಹೀಯಾಳಿಸುವುದಿಲ್ಲ. ಆದರೆ ಪ್ರಸಂಗ ಏನಾಗಿತ್ತು ಎಂದು ಅವರನ್ನು ಕೇಳಿ ಪ್ರಯೋಜನವಿಲ್ಲ.

ಇಟಲಿಯ ಚಿಂತಕ ಉಂಬರ್ಟೊ ಇಕೊ ‘ಕಾಸಾಬ್ಲಾಂಕಾ’ ಬಗ್ಗೆ ಬರೆಯುತ್ತ, ಚಿತ್ರವೊಂದಕ್ಕೆ ಇಂಥ ಭಕ್ತರು ಹುಟ್ಟಬೇಕಾದರೆ ಅದನ್ನು ತುಂಡು ಮಾಡಲು ಬರಬೇಕು ಎಂದಿದ್ದರು. ಇಡೀ ಚಿತ್ರದ ಹಂಗಿಲ್ಲದೆ ಒಂದೊಂದು ಭಾಗವೇ ನೆನಪಿನಲ್ಲಿ ಓಡಾಡಬೇಕು. ಅಚ್ಚುಕಟ್ಟಾಗಿ ಮುಗಿದ ಕೃತಿ ಈ ಕೆಲಸಕ್ಕೆ ಒದಗುವುದಿಲ್ಲ ಎಂಬುದು ಅವರ ವಾದ. ‘ಕಾಸಾಬ್ಲಾಂಕಾ’ದಂಥ ತೇಪೆ ಹಾಕಿದ ಚಿತ್ರಕ್ಕೆ ಅದು ಸರಿಯಿರಬಹುದು. ‘ತುಂಬಾಡ್’ ಆ ಜಾತಿಯದಲ್ಲ. 1918, 1933, 1947 ಎಂದು ಮೂರು ಭಾಗವಾಗಿ, ಒಂದರ ಭಾರ ಇನ್ನೊಂದರ ಮೇಲೆ ಕೂರುವಂತೆ ಕಟ್ಟಿದ ಚಿತ್ರ. ಅದು ತಾನಾಗಿ ತುಂಡಾಗಲಿಲ್ಲ. ಮೂವತ್ತು ಸೆಕೆಂಡಿನ ರೀಲ್‌ಗಳು ತುಂಡು ಮಾಡಿದವು. ಹಸ್ತರ್, ನಾಣ್ಯ, ಮಳೆ, ಕೆಂಪು ಗರ್ಭ, ಮುದುಕಿ: ಕೈಯಿಂದ ಕೈಗೆ ಓಡಾಡಿದ್ದು ಇವು. ಚಿತ್ರದ ಖ್ಯಾತಿ ಬೆಳೆದದ್ದೂ ಇವುಗಳಿಂದಲೇ ಎಂದು ಒಪ್ಪಬೇಕು.

ರೀಲ್‌ಗೆ ಒಗ್ಗದೆ ಹೊರಗುಳಿದವರು ಹೆಂಗಸರು. ಮೊದಲ ಭಾಗದಲ್ಲಿ ವಿನಾಯಕನ ತಾಯಿ ಊರಿನ ಮುದಿ ಒಡೆಯ ‘ಸರ್ಕಾರ’ನ ಉಪಪತ್ನಿ. ವರ್ಷಗಟ್ಟಲೆ ಅವನ ಮೈ ತೊಳೆದು, ಸಂಕೋಲೆ ಹಾಕಿದ ಆ ಮುದುಕಿಗೆ ಉಣಿಸಿ ಅವಳು ಕಾದದ್ದು ಒಂದೇ ಒಂದು ಚಿನ್ನದ ನಾಣ್ಯಕ್ಕೆ. ಸರ್ಕಾರ ಸತ್ತ ಮೇಲೆ ಅದನ್ನೆತ್ತಿಕೊಂಡು, ಸತ್ತ ಒಬ್ಬ ಮಗನ ದುಃಖ ಹೊತ್ತು, ಬದುಕಿದ ಇನ್ನೊಬ್ಬನನ್ನು ಕರೆದುಕೊಂಡು ಪುಣೆಗೆ ಹೊರಡುತ್ತಾಳೆ. ತುಂಬಾಡ್‌ಗೆ ಮರಳುವುದಿಲ್ಲವೆಂದು ಅವನಿಂದ ಮಾತು ತೆಗೆದುಕೊಳ್ಳುತ್ತಾಳೆ. ಅವಳಿಗೂ ಆಸೆ ಇತ್ತು. ಅದಕ್ಕೊಂದು ಅಳತೆಯೂ ಇತ್ತು. ಮಾತು ಮುರಿಯುವವನು ಮಗ. ಎರಡನೆಯ ಭಾಗದಲ್ಲಿ ಹೆಂಡತಿ ವೈದೇಹಿ ಮನೆಯಲ್ಲಿ, ನಾಣ್ಯ ಎಲ್ಲಿಂದ ಬರುತ್ತದೆಂದು ತಿಳಿಯುವ ಹಕ್ಕಿಲ್ಲದೆ. ನಾಣ್ಯ ಕರಗುವುದು ಇನ್ನೊಬ್ಬಳ ಮನೆಯಲ್ಲಿ. ಮೂರನೆಯ ಭಾಗದಲ್ಲಿ ಅಪ್ಪ ಮಗನನ್ನು ಬಾವಿಗೆ ಇಳಿಸುವ ಅಭ್ಯಾಸ ಮಾಡಿಸುತ್ತಾನೆ, ಬೇರೆ ಅಪ್ಪಂದಿರು ಅಂಗಡಿಯ ಲೆಕ್ಕ ಕಲಿಸುವ ಹಾಗೆ. ಗುಟ್ಟು ಅಪ್ಪನಿಂದ ಮಗನಿಗೆ ಆಸ್ತಿಯಾಗಿ ಇಳಿಯುತ್ತದೆ, ಅದರ ಬೆಲೆಯನ್ನು ಮನೆಯ ಹೆಂಗಸರು ತೆರುತ್ತಾರೆ. ಭೂಮಿತಾಯಿಯ ಗರ್ಭಕ್ಕೆ ಹಗ್ಗ ಬಿಟ್ಟು ಕದಿಯುವ ಗಂಡಸರ ದುರಾಸೆ: ಚಿತ್ರದ ವಸ್ತು ಇದು. ಹಸ್ತರ್ ಅದಕ್ಕೊಂದು ರೂಪ ಮಾತ್ರ.

ಇನ್ನೊಂದನ್ನೂ, ಅಂದರೆ ಚಿತ್ರದ ಕೊನೆಯನ್ನು, ಭಕ್ತರ ಮಾತುಕತೆಯಲ್ಲಿ ಅಷ್ಟಾಗಿ ಕೇಳುವುದಿಲ್ಲ. ದೇಶಕ್ಕೆ ಸ್ವಾತಂತ್ರ್ಯ ಬಂದಿದೆ, ವಾಡೆ ಸರ್ಕಾರದ ವಶವಾಗಲಿದೆ, ಇದೇ ಕೊನೆಯ ಅವಕಾಶ. ಲಂಗೋಟಿಯನ್ನೇ ಕದ್ದುಬಿಡೋಣ ಎಂಬ ಉಪಾಯ ಹೊಳೆಯುವುದು ಮಗನಿಗೆ, ಅಪ್ಪನಿಗಲ್ಲ. ಅದಕ್ಕಾಗಿ ಒಂದರ ಬದಲು ರಾಶಿ ಗೊಂಬೆ ಒಯ್ಯುತ್ತಾರೆ, ಗೊಂಬೆಗೊಬ್ಬನಂತೆ ಹಸ್ತರ್‌ಗಳು ಹುಟ್ಟಿಬಿಡುತ್ತಾರೆ. ಮಗನನ್ನು ಉಳಿಸಲು ವಿನಾಯಕ ಗೊಂಬೆಗಳನ್ನೆಲ್ಲ ತನ್ನ ಮೈಗೆ ಕಟ್ಟಿಕೊಂಡು ಹಗ್ಗ ಹತ್ತುತ್ತಾನೆ. ಕೊನೆಗೆ ಮೈಯೆಲ್ಲ ಕೊಳೆತು ಬಂದ ಅಪ್ಪ ಆ ಲಂಗೋಟಿಯನ್ನು ಮಗನ ಮುಂದೆ ಚಾಚುತ್ತಾನೆ. ಹುಡುಗ ಅದನ್ನು ಮುಟ್ಟುವುದಿಲ್ಲ. ಅಪ್ಪನಿಗೆ ಬೆಂಕಿ ಕೊಟ್ಟು ಹೊರಡುತ್ತಾನೆ. ಈ ನಿರಾಕರಣೆಯ ಮೇಲೆ ಇಡೀ ಚಿತ್ರ ನಿಂತಿದೆ. ಇದು ಬರದಿದ್ದರೆ ‘ತುಂಬಾಡ್’ ಚೆನ್ನಾಗಿ ಚಿತ್ರಿಸಿದ ಒಂದು ದೆವ್ವದ ಕಥೆಯಾಗಿ ಮುಗಿಯುತ್ತಿತ್ತು.

ಹೀಗೆ ಮುಗಿದ ಚಿತ್ರಕ್ಕೆ ಮುಂದಿನ ಭಾಗ ಬೇಕಂತೆ! ಮರುಬಿಡುಗಡೆಯ ಬೆನ್ನಿಗೇ ಸೋಹಮ್ ಶಾ ‘ತುಂಬಾಡ್ 2’ ಘೋಷಿಸಿದರು. ಅಭಿಮಾನಿಗಳು ಕುಣಿದಾಡಿದರು. ಕೆಲವೇ ದಿನಗಳಲ್ಲಿ ಬರ್ವೆ ತಾನು ಅದನ್ನು ನಿರ್ದೇಶಿಸುವುದಿಲ್ಲ ಎಂದು ತಿಳಿಸಿದರು. ಆ ಲೋಕವನ್ನು ಹದಿಹರೆಯದಿಂದ ಹೊತ್ತು ತಿರುಗಿದ ಮನುಷ್ಯ ಹೊರಗೆ ನಿಂತರೂ ಬೇಡಿಕೆಯ ಕಾವು ತಗ್ಗಲಿಲ್ಲ. ನಿರ್ಮಾಪಕನಿಗೆ ತಾನು ಹಣ ಹಾಕಿದ ಚಿತ್ರವನ್ನು ಮುಂದುವರಿಸುವ ಹಕ್ಕಿದೆ, ವರ್ಷಗಟ್ಟಲೆ ನಷ್ಟ ಹೊತ್ತವರು ಲಾಭ ನೋಡಬಾರದೆಂದು ನಾನು ಹೇಳುವುದಿಲ್ಲ. ನನ್ನ ಪ್ರಶ್ನೆ ಅಭಿಮಾನಿಗೆ. ಸಾಕು ಎಂದು ಹೇಳಲು ಕಲಿತ ಹುಡುಗನ ಕಥೆಯನ್ನು ಹತ್ತು ಸಲ ನೋಡಿದವರು ಇನ್ನಷ್ಟು ಬೇಕು ಎಂದು ಎದ್ದರೆ ಏನನ್ನು ನೋಡಿದರು?

ಇದಕ್ಕೆ ಪ್ರತಿಯಾಗಿ, ದೊಡ್ಡ ಲೋಕವೊಂದನ್ನು ಕಟ್ಟಿದ ಮೇಲೆ ಅದರಲ್ಲಿ ಇನ್ನೂ ನಾಲ್ಕು ಕಥೆ ಇರಬಾರದೇ, ಬರ್ವೆಯೇ ಮೂರು ಚಿತ್ರಗಳ ಸರಣಿಯ ಮಾತಾಡಿದ್ದಾರಲ್ಲ ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆ. ಆದರೆ ಅವರು ಆಡಿದ ಮಾತು ಬೇರೆ ಬೇರೆ ಕಥೆಗಳಿರುವ, ವಿಚಾರದಿಂದ ಬೆಸೆದ ಮೂರು ಚಿತ್ರಗಳ ಬಗ್ಗೆ. ಹಸ್ತರ್‌ನ ಮರುಪ್ರವೇಶದ ಬಗ್ಗೆ ಅಲ್ಲ. ಅಂಥ ಚಿತ್ರಕ್ಕೆ ಅಭಿಮಾನಿಗಳ ಒತ್ತಾಯ ಒದಗಿದ್ದರೆ ನಾನೂ ಚಪ್ಪಾಳೆ ತಟ್ಟುತ್ತಿದ್ದೆ.

ಅಭಿಮಾನ ಬೇರೆ ಥರ ಇರಲು ಸಾಧ್ಯ ಎಂಬುದಕ್ಕೆ ಉದಾಹರಣೆ ಅಮೆರಿಕದಲ್ಲಿದೆ. ರಾಬ್ ರೈನರ್ ನಿರ್ದೇಶಿಸಿದ ‘ದಿ ಪ್ರಿನ್ಸೆಸ್ ಬ್ರೈಡ್’ 1987ರಲ್ಲಿ ಬಂದಾಗ ಅದನ್ನು ಹೇಗೆ ಮಾರಬೇಕೆಂದೇ ವಿತರಕರಿಗೆ ತಿಳಿಯಲಿಲ್ಲ: ಮಕ್ಕಳದೋ, ಪ್ರೇಮದ್ದೋ, ಲೇವಡಿಯದೋ? ಸಾಧಾರಣವಾಗಿ ಓಡಿತು. ವಿಡಿಯೊ ಕ್ಯಾಸೆಟ್ ಅದನ್ನು ಮನೆಮನೆಗೆ ತಲುಪಿಸಿತು, ನೋಡಿದ ಮಕ್ಕಳು ದೊಡ್ಡವರಾಗಿ ತಮ್ಮ ಮಕ್ಕಳಿಗೆ ತೋರಿಸಿದರು, 2016ರಲ್ಲಿ ಅದು ಆ ದೇಶ ಕಾಪಿಡುವ ಚಿತ್ರಗಳ ಪಟ್ಟಿ ಸೇರಿತು. 2019ರಲ್ಲಿ ಅದನ್ನು ಹೊಸದಾಗಿ ತೆಗೆಯುವ ಆಸೆ ಇರುವವರಿದ್ದಾರೆ ಎಂಬ ಮಾತು ಉದ್ಯಮದಿಂದ ತೇಲಿಬಂದಾಗ ಅಭಿಮಾನಿಗಳು ಒಟ್ಟಾಗಿ ಗದರಿದರು. ನಾಯಕನಾಗಿದ್ದ ಕ್ಯಾರಿ ಎಲ್ವೆಸ್ ಕೂಡ ದನಿಗೂಡಿಸಿದರು. ಇಂದಿಗೂ ಅದಕ್ಕೆ ಎರಡನೆಯ ಭಾಗವಿಲ್ಲ. ಅದರಿಂದ ಚಿತ್ರದ ಮೇಲಿನ ಪ್ರೀತಿಗೇನೂ ಕೊರತೆಯಾಗಿಲ್ಲ.

ನಮ್ಮ ಪಕ್ಕದಲ್ಲೇ ತಮಿಳಿನ ಸೆಲ್ವರಾಘವನ್ ಅವರ ‘ಆಯಿರತ್ತಿಲ್ ಒರುವನ್’ ಇದೆ. ಕಳೆದುಹೋದ ಚೋಳರನ್ನು ಹುಡುಕಿ ಹೊರಟವರ ಅದ್ಭುತ ಕಥೆ, 2010ರದ್ದು. ಬಂದಾಗ ಅರ್ಧ ಜನ ಬೈದರು, ವರ್ಷಗಳು ಕಳೆದಂತೆ ಭಕ್ತರು ಬೆಳೆದರು, ಚಿತ್ರ ಮತ್ತೆ ತೆರೆಕಂಡಿತು. 2021ರ ಮೊದಲ ದಿನವೇ ಧನುಷ್ ನಟಿಸುವ ಎರಡನೆಯ ಭಾಗದ ಘೋಷಣೆ ಆಗಿತ್ತು. 2024ಕ್ಕೆ ಬರುತ್ತದೆ ಎಂದಿದ್ದರು. 2024 ಬಂದು ಹೋಯಿತು, ಚಿತ್ರ ಬರಲಿಲ್ಲ. ಆ ನಿರ್ದೇಶಕನ ಹೊಸ ಕೆಲಸ ಯಾವುದೇ ಇರಲಿ, ಜನ ಮೊದಲು ಕೇಳುವುದು ಎರಡನೆಯ ಭಾಗ ಯಾವಾಗ ಎಂದೇ. ಭಕ್ತಿ ಕಲಾವಿದನನ್ನು ಕಟ್ಟಿಹಾಕುವುದು ಹೀಗೆ. ಅವನ ಒಂದು ಕೃತಿಯನ್ನು ಗುಡಿಯಲ್ಲಿ ಕೂರಿಸಿ, ಅವನನ್ನು ಅದರ ಅರ್ಚಕನಾಗಿ ನೇಮಿಸಿಬಿಡುತ್ತದೆ.

ಪೂಜಿಸಬಾರದ ದೇವರನ್ನು ಪೂಜಿಸಿದ್ದಕ್ಕೆ ಊರಿಗೆ ಶಾಪ ತಟ್ಟಿತೆಂದು ಹೇಳುವ ಚಿತ್ರಕ್ಕೇ ಇಷ್ಟು ಭಕ್ತರಿದ್ದಾರೆ ಎಂಬುದನ್ನು ನೆನೆದಾಗ ನಗು ಬರುತ್ತದೆ. ಹಸ್ತರ್‌ನ ಚಿತ್ರವಿರುವ ಟೀಶರ್ಟ್ ತೊಟ್ಟವರನ್ನು ನೋಡಿದ್ದೇನೆ. ತಪ್ಪೇನಿಲ್ಲ, ಪ್ರೀತಿ ಅಷ್ಟು ತರ್ಕ ನೋಡಿ ಹುಟ್ಟುವಂಥದ್ದಲ್ಲ. ಆದರೂ ಪ್ರೀತಿಸುವ ಚಿತ್ರದ ಜೊತೆ ವಾದ ಮಾಡುವ, ಅದು ಕೇಳಿದ ಪ್ರಶ್ನೆಯನ್ನು ಪೂರ್ತಿ ಕೇಳಿಸಿಕೊಳ್ಳುವ ಅಭಿಮಾನಿಯೂ ಇರಬೇಕಲ್ಲ. ‘ತುಂಬಾಡ್’ನಂಥ ಚಿತ್ರಗಳು ಅಂಥವರನ್ನು ನೆಚ್ಚಿಕೊಂಡೇ ಹುಟ್ಟುತ್ತವೆ.

ಹಾಗಾದರೆ ಈ ಅಭಿಮಾನದಿಂದ ಯಾರಿಗೆ ಏನು ಸಿಕ್ಕಿತು? ನಿರ್ಮಾಪಕನಿಗೆ ತಡವಾಗಿಯಾದರೂ ಹಣ, ಮಲ್ಟಿಪ್ಲೆಕ್ಸ್‌ಗಳಿಗೆ ಖಾಲಿ ವಾರಗಳನ್ನು ತುಂಬುವ ಉಪಾಯ, ಹೊಸ ತಲೆಮಾರಿಗೆ ದೊಡ್ಡ ಪರದೆಯ ಮೇಲೆ ಆ ಮಳೆ. ಇವೆಲ್ಲ ಸಣ್ಣ ಲಾಭಗಳಲ್ಲ. ಆದರೆ 2018ರ ಅಕ್ಟೋಬರಿನಲ್ಲಿ ಮೂರನೆಯ ಚಿತ್ರವೊಂದಕ್ಕೆ ಜಾಗ ಬಿಡದ ವ್ಯವಸ್ಥೆ ಇವತ್ತೂ ಹಾಗೇ ಇದೆ. ಶುಕ್ರವಾರ ಬಿಡುಗಡೆಯಾದ ಚಿತ್ರದ ಹಣೆಬರಹವನ್ನು ಭಾನುವಾರ ರಾತ್ರಿ ಬರೆದು ಮುಗಿಸುತ್ತಾರೆ. ಕನ್ನಡದಲ್ಲೂ ‘ಉಳಿದವರು ಕಂಡಂತೆ’ 2014ರಲ್ಲಿ ಚಿತ್ರಮಂದಿರದಲ್ಲಿ ಪಡೆಯಬೇಕಾದ ಮರ್ಯಾದೆಯನ್ನು ಆಮೇಲೆ ಮೊಬೈಲುಗಳಲ್ಲಿ ಪಡೆಯಿತು. ಅದನ್ನು ಈಗ ಬಾಯಿಪಾಠ ಒಪ್ಪಿಸುವವರಲ್ಲಿ ಆ ಮೊದಲ ವಾರ ಎಷ್ಟು ಜನ ಟಿಕೆಟ್ ಕೊಂಡಿದ್ದರು ಎಂದು ಕೇಳಿದರೆ ಸಭೆ ಸುಮ್ಮನಾಗುತ್ತದೆ.

ಈ ಶುಕ್ರವಾರವೂ ನಿಮ್ಮೂರಿನಲ್ಲಿ ಹೆಸರು ಕೇಳದ ನಿರ್ದೇಶಕನೊಬ್ಬನ ಚಿತ್ರ, ದಿನಕ್ಕೆ ಒಂದೇ ಆಟದಲ್ಲಿ, ಬೆಳಗಿನ ಹತ್ತು ಗಂಟೆಗೋ ರಾತ್ರಿ ಹತ್ತೂವರೆಗೋ ಬಂದಿರಬಹುದು. ಅದರ ಪೋಸ್ಟರ್‌ನಲ್ಲಿ ನಿಮಗೆ ಗುರುತಿರುವ ಮುಖ ಇರಲಿಕ್ಕಿಲ್ಲ, ಅದು ಚೆನ್ನಾಗಿಯೇ ಇರುತ್ತದೆಂಬ ಖಾತರಿಯೂ ಇಲ್ಲ. ‘ತುಂಬಾಡ್’ ಮೇಲಿನ ನಿಮ್ಮ ಅಭಿಮಾನ ನಿಜವಾದದ್ದೇ ಆದರೆ ಆ ಚಿತ್ರಕ್ಕೆ ಒಂದು ಟಿಕೆಟ್ ಕೊಳ್ಳಿ, ಸೋಮವಾರದೊಳಗೆ.